ಕಚ್ಚಿದ್ದು ಯಾವುದು, ಕಚ್ಚಿದ್ದು ಯಾವುದನ್ನು

ಮೊನ್ನೆ ಸಂತೆಯಲ್ಲಿ ಗೋಣಿಚೀಲದ ಮೇಲೆ ಅವರೆಕಾಯಿ ಸುರಿದುಕೊಂಡು ಒಬ್ಬಾಕೆ ಕೂತಿದ್ದಳು. ಒಂದು ಕಾಯಿ ಸುಲಿದು ಮೂಗಿಗೆ ಹಿಡಿದೆ. ಆ ಸೊಗಡಿಗೆ ನಮ್ಮ ಎದುರುಮನೆಯ ಟೀಚರ್ ನೆನಪಾದರು...

ಕೊಳ್ಳೇಗಾಲದ ಕಡೆಯಿಂದ, ಗಡಿಯಾಚೆ ತಮಿಳುನಾಡಿಗೆ ಸೇರಿದ ಹಾಸನೂರಿನ ಪಕ್ಕದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದವರು ಅವರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾನಾಗ ಹತ್ತನೇ ತರಗತಿ. ಸಂಜೆ ಹುಡುಗಿಯರೆಲ್ಲ ಅವರ ಜಗಲಿಯಲ್ಲಿ ಸೇರಿದರೆ ಮುಂದೆ ಅವರೆಕಾಯಿ ಮೊರ ಇಡುತ್ತಿದ್ದರು. ಕೈಗೆ ಕೆಲಸವಿದ್ದರೆ ತಲೆ ಅಲ್ಲಿ ಇಲ್ಲಿ ಅಲೆಯುವುದಿಲ್ಲ ಎಂಬುದು ಅವರ ನಂಬಿಕೆ. ಶಾಲೆಯಲ್ಲಿ ಪುಸ್ತಕದ ಭಾಷೆ ಆಡುತ್ತಿದ್ದವರು ಜಗಲಿಯಲ್ಲಿ ನಮ್ಮಂತೆಯೇ ಮಾತಾಡುತ್ತಿದ್ದರು.

ನನಗೆ ಇಂಗ್ಲಿಷಿನ ಪ್ರಶ್ನೆಗಳೆಂದರೆ ಗೊಂದಲ. 'ಹೂ ಸಾ ದಿ ಎಲಿಫೆಂಟ್', 'ಹೂ ಡಿಡ್ ದಿ ಎಲಿಫೆಂಟ್ ಸೀ' ಎರಡೂ ಒಂದೇ ಎಂದುಕೊಂಡಿದ್ದೆ.

"ಒಂದೇ ಅಂದ್ರೆ ಎಂಗವ್ವ?" ಎಂದು ನಕ್ಕರು. "ಮೊದಲ್ನೇದ್ರಲ್ಲಿ ಆನೆ ನೋಡ್ದೋರು ಯಾರು ಅಂತ. ಅವ್ನು ಮನೇಗ್ ಬಂದು ಕತೆ ಏಳ್ತಾನೆ. ಎರಡ್ನೇದ್ರಲ್ಲಿ ಆನೆ ಯಾರ್ನ ನೋಡ್ತು ಅಂತ. ಅವ್ನು ಎದ್ನೋ ಬಿದ್ನೋ ಅಂತ ಓಡ್ಬೇಕು ಕಣವ್ವ!"

ನಾವೆಲ್ಲ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ನಿಧಾನವಾಗಿ ಬಿಡಿಸಿದರು. ಕನ್ನಡದಲ್ಲಿ 'ಯಾರು', 'ಯಾರನ್ನು' ಎಂದು ಪದವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಪದ ಬದಲಾಗದಿದ್ದರೂ 'ಯಾರನ್ನು' ಎಂದು ಕೇಳುವಾಗ ನಡುವೆ 'ಡಿಡ್' ಬಂದು ನಿಲ್ಲುತ್ತದೆ. ಅದು ಇದೆಯೋ ಇಲ್ಲವೋ, ಕಿವಿಗೊಟ್ಟು ಕೇಳಬೇಕು.

ಆ ವರ್ಷವೇ ಒಂದು ಮಧ್ಯಾಹ್ನ ಹೊಲದಲ್ಲಿ ಅಮ್ಮ ಗಿಣಿ ಕುಕ್ಕಿದ ಸೀಬೆಹಣ್ಣು ಕಚ್ಚಿದಳು. ಒಳಗಿದ್ದ ಜೇನುನೊಣ ಅವಳ ನಾಲಿಗೆಗೇ ಕಚ್ಚಿತು. ನೋಡನೋಡುತ್ತ ನಾಲಿಗೆ ಊದಿ ಮಾತು ನಿಂತಿತು, ಉಸಿರಿಗೆ ಕಷ್ಟವಾಯಿತು. ಅಪ್ಪ ಸಿಕ್ಕ ಜೀಪಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿಸಿದ.

ಅಲ್ಲಿದ್ದುದು ಉತ್ತರದ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು. ಕನ್ನಡವೂ ಬಾರದು, ತಮಿಳೂ ಬಾರದು. ನರ್ಸು ಒಳಗೆ ಯಾರಿಗೋ ಹೆರಿಗೆ ಮಾಡಿಸುತ್ತಿದ್ದರು. ಅಪ್ಪ ಎರಡೂ ಭಾಷೆಯಲ್ಲಿ ಕೂಗಿ, ಕೊನೆಗೆ ಹಣ್ಣು ಕಚ್ಚುವಂತೆ ಬಾಯಿ ಮಾಡಿ ತೋರಿಸಿದ.

ಡಾಕ್ಟರು ನನ್ನತ್ತ ತಿರುಗಿದರು. "ವಾಟ್ ಡಿಡ್ ಶೀ ಬೈಟ್?"

"ಗ್ವಾವಾ," ಎಂದೆ.

ಅವರ ಹುಬ್ಬು ಗಂಟಾಯಿತು. ಹಣ್ಣಿಗೆ ಔಷಧಿ ಹೊಡೆದಿರಬಹುದು ಎಂದು ಯೋಚಿಸಿದರೋ ಏನೋ. ಅಮ್ಮನ ಬಾಯಿಗೆ ಬೆಳಕು ಬಿಟ್ಟು ನೋಡಿ ಮತ್ತೆ ಕೇಳಿದರು. "ವಾಟ್ ಬಿಟ್ ಹರ್?"

"ಏನ್ ಕೇಳ್ತಾವ್ರವ್ವ? ಬೇಗ ಏಳವ್ವ!" ಎಂದು ಅಪ್ಪ ನನ್ನ ಭುಜ ಹಿಡಿದ.

ಮತ್ತೆ ಗ್ವಾವಾ ಎನ್ನಲು ಬಾಯಿ ತೆರೆದಿದ್ದೆ. ಡಿಡ್ ಇರಲಿಲ್ಲ... ಈ ಸಲ ಅವರು ಕೇಳಿದ್ದು ಅಮ್ಮ ಏನನ್ನು ಕಚ್ಚಿದಳು ಎಂದಲ್ಲ, ಅಮ್ಮನನ್ನು ಏನು ಕಚ್ಚಿತು ಎಂದು.

"ಬೀ! ಬೀ ಇನ್ ಗ್ವಾವಾ!" ಎಂದು ಕಿರುಚಿದೆ.

ತಕ್ಷಣ ಅವರು ಸೂಜಿಮದ್ದು ಚುಚ್ಚಿದರು. ಸಂಜೆಯ ಹೊತ್ತಿಗೆ ಅಮ್ಮನ ಉಸಿರು ಹಗುರವಾಯಿತು.

ಊರಿಗೆ ಬಂದವಳೇ ಟೀಚರ್‌ಗೆ ಎಲ್ಲ ಹೇಳಿದೆ. ಅವರು ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನು ಪರೀಕ್ಷೆಲಿ ಮಾರ್ಕ್ ಬರ್ಲಿ ಅಂತ ಏಳ್ಕೊಟ್ಬುಟ್ಟೆ ಕಣವ್ವ," ಎಂದರು. "ಇಂಗೂ ಆಯ್ತದೆ ಅಂತ ನಂಗೇನ್ ಗೊತ್ತಿತ್ತು..."

ಹೋದ ವರ್ಷ ಟೀಚರ್ ತೀರಿಕೊಂಡರು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ದಿನಾ ಬೆಳಿಗ್ಗೆ ಅಮ್ಮ ಫೋನು ಮಾಡಿ, ನಾನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ಬಾಯಿ ತುಂಬ ಬೈಯುತ್ತಾಳೆ. ನಡುವೆ ಮಾತಾಡದೆ, ಕೊನೆಯವರೆಗೂ ಕೇಳಿಸಿಕೊಳ್ಳುತ್ತೇನೆ.