ಬಾಗುಂದಿ, ಬಾಗಿದೆ

ಹತ್ತಕ್ಕೆ ನಾಲ್ಕು! ಬರೀ ನಾಲ್ಕು! ಎರಡು ಸಾವಿರದ ಏಳನೇ ಇಸವಿಯ ಮಾವಿನ ಕಾಲ. ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಸುರೇಶನ ಗೇಮ್ ಅಂಗಡಿಯಲ್ಲಿ ಅವತ್ತು ಎದ್ದ ಗದ್ದಲಕ್ಕೆ ಪಕ್ಕದ ಟೈಲರು ಮಿಷನ್ ನಿಲ್ಲಿಸಿ ಬಂದು ಇಣುಕಿದ. ಯಾರಿಗೋ ಏಟು ಬಿದ್ದಿದೆ ಅಂದುಕೊಂಡಿದ್ದ. ಏಟು ಬಿದ್ದದ್ದೇನೋ ನಿಜ, ಆದರೆ ಮನುಷ್ಯರಿಗಲ್ಲ, ಒಂದು ವಿಡಿಯೋ ಗೇಮಿಗೆ.

ಆ ಗೇಮಿನ ಹೆಸರು ‘ಮೂನ್ ಬ್ಲೇಡ್ ಅರೀನಾ’. ಟಿ.ವಿ.ಯಲ್ಲಿ ಬರುತ್ತಿದ್ದ ಜಪಾನಿನ ಕಾರ್ಟೂನಿನ ಕಥೆ ಹಿಡಿದು ಮಾಡಿದ ಕಾಳಗದ ಆಟ. ದುಂಡನೆಯ ಕಣ, ಸುತ್ತ ಕಲ್ಲುಕಂಬಗಳು, ನಡುವೆ ಇಬ್ಬರು ಕತ್ತಿವೀರರು. ಓಡಬಹುದು, ಹಾರಬಹುದು, ಎದುರಾಳಿಯನ್ನು ಎತ್ತಿ ಕಂಬಕ್ಕೆ ಬಡಿಯಬಹುದು. ಆ ಬೇಸಿಗೆಯಲ್ಲಿ ಊರಿನ ಹುಡುಗರು ಅದನ್ನು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಹೀಗಿರುವಾಗ ಬೆಂಗಳೂರಿನಿಂದ ಯಾರೋ ತಂದ ಇಂಗ್ಲಿಷ್ ಗೇಮ್ ಪತ್ರಿಕೆಯೊಂದು ಅದಕ್ಕೆ ಹತ್ತಕ್ಕೆ ನಾಲ್ಕು ಅಂಕ ಎಸೆದು ಕೈತೊಳೆದುಕೊಂಡಿತ್ತು. ಚಿತ್ರ ಚೆಂದವಂತೆ, ಕಥೆ ಅರ್ಧಕ್ಕೇ ನಿಂತಿದೆಯಂತೆ, ಎಲ್ಲ ವೀರರಿಗೂ ಅವೇ ಬಟನ್‌ಗಳಂತೆ, ಪರದೆಯಲ್ಲಿ ಕಾಳಗ ತೋರಿಸುವ ಕ್ಯಾಮೆರಾ ಅಂತೂ ತಲೆನೋವಂತೆ.

“ಅವನ್ಯಾರೋ ಆಡೇ ಇಲ್ಲ ಕಣಕ್ಕಾ, ಡಬ್ಬ ನೋಡಿ ಬರ್ದವ್ನೆ!” ಎಂದು ಹುಡುಗರು ಪತ್ರಿಕೆಯನ್ನು ಸೌಪರ್ಣಿಕಾಳ ಕೈಗೆ ತುರುಕಿದರು.

ಸೌಪರ್ಣಿಕಾ ಆ ಅಂಗಡಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ. ಕೋಲಾರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಮೊದಮೊದಲು ಅವಳು ಬಂದರೆ ಅಂಗಡಿಯೇ ಗಪ್‌ಚಿಪ್ ಆಗುತ್ತಿತ್ತು. ಒಬ್ಬೊಬ್ಬರನ್ನೇ ಸೋಲಿಸುತ್ತ ಬಂದಳು ನೋಡಿ, ಎಲ್ಲರ ಬಾಯಲ್ಲೂ ‘ಅಕ್ಕ’ ಆದಳು. ಇವಳ ಹುಚ್ಚು ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ, ಶ್ರೀನಿವಾಸಪುರದ ಸೋದರಮಾವನ ಮನೆಯಲ್ಲಿ, ಟಿ.ವಿ.ಗೆ ತಗುಲಿಸುವ ಆಟದ ಡಬ್ಬಿಯೊಂದಿತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಇವಳಿಗೆ ಊಟ, ನಿದ್ದೆ ಎರಡೂ ಮರೆತುಹೋಗುತ್ತಿದ್ದವು. ಅದರ ಜೊತೆಗೆ ಇನ್ನೊಂದು ಗುಣ: ಏನನ್ನು ಕಂಡರೂ ಅದಕ್ಕೆ ಅಂಕ ಕೊಡುವುದು. ಮೇಷ್ಟರ ಪಾಠಕ್ಕೆ, ಮದುವೆಮನೆಯ ಸಾರಿಗೆ, ಅತ್ತೆಯ ಹಾಡಿಗೆ, ಎಲ್ಲಕ್ಕೂ. ಇದರಿಂದ ಬೈಸಿಕೊಂಡದ್ದು ಕಡಿಮೆಯೇನಲ್ಲ.

ಪತ್ರಿಕೆಯನ್ನು ಓದಿ ಮುಗಿಸಿದಾಗ ಅವಳ ಮೈ ಝುಂ ಎಂದಿತು. ಸಿಟ್ಟಿನಿಂದ ಅಲ್ಲ, ಖುಷಿಯಿಂದ. ಆಟಕ್ಕೂ ವಿಮರ್ಶೆ ಬರೆಯುತ್ತಾರೆ! ಅದಕ್ಕೆಂದೇ ಪುಟ ಬಿಡುತ್ತಾರೆ! ಹಾಗಾದರೆ ಆ ಪುಟ ಕನ್ನಡದಲ್ಲಿ ಯಾಕಿರಬಾರದು? ಅವಳು ಯಾಕೆ ಬರೆಯಬಾರದು?

ಮಾರನೆಯ ದಿನವೇ ಕೋಲಾರಕ್ಕೆ ಹೋಗಿ ‘ಗಡಿ ಕಹಳೆ’ ವಾರಪತ್ರಿಕೆಯ ಕಚೇರಿ ಹೊಕ್ಕಳು. ಸಂಪಾದಕ ಕೋದಂಡರಾಮಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಎಲ್ಲ ಕೇಳಿಸಿಕೊಂಡರು.

“ಆಟದ ಬಗ್ಗೆ ಅಂದ್ರೆ ಕಬಡ್ಡಿನಾಮ್ಮಾ?”

“ಅಲ್ಲ ಸಾರ್, ಟಿ.ವಿ.ಲಿ ಆಡೋದು. ವಿಡಿಯೋ ಗೇಮು.”

“ಸರಿ, ಒಂದು ಬರ್ಕೊಂಡು ಬಾ. ನಾಕನೇ ಪುಟದಲ್ಲಿ ಮಾವಿನ ರೇಟ್ ಹಾಕೋ ಜಾಗದ ಪಕ್ಕ ಚೂರು ಖಾಲಿ ಐತೆ. ಓದೋರು ಕೇಳಿದ್ರೆ ನಿಂದೇ ಅಂಕಣ, ವಾರವಾರ. ಕೇಳ್ಲಿಲ್ವಾ, ಆ ಚೂರೂ ಮಾವಿಗೇ ಹೋಗ್ತದೆ.”

ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ವಾರವಾರ! ಅವಳ ಹೆಸರು, ಅವಳ ಅಂಕಣ! ಆದರೆ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅಪ್ಪ ನಾರಾಯಣ ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ‘ಗಡಿ ಕಹಳೆ’ಯನ್ನು ತಪ್ಪದೆ ಕೊಳ್ಳುತ್ತಿದ್ದರು, ನಾಲ್ಕನೇ ಪುಟ ತೆಗೆದು ಮಾವಿನ ರೇಟು ನೋಡಿ ಮಡಚಿಡುತ್ತಿದ್ದರು. ಮಿಕ್ಕ ಪುಟಗಳು ಅವರ ಪಾಲಿಗೆ ರದ್ದಿ. ಅವರ ಮನೆಮಾತು ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಬರವಣಿಗೆಗೆ ಬಂದರೆ ಮಾತ್ರ ಅಪ್ಪ ಬಲು ಬಿಗಿ: “ಮಾತಲ್ಲಿ ಬೆರಕೆ ಇರ್ಲಿ, ಬರೆಯೋವಾಗ ಬೇಡ” ಎನ್ನುತ್ತಿದ್ದರು.

ಸೌಪರ್ಣಿಕಾ ಆಟವನ್ನು ಮತ್ತೆ ಮೊದಲಿನಿಂದ ಆಡಿದಳು. ಗೆಲ್ಲಲು ಅಲ್ಲ, ನೋಡಲು. ನೋಡಿದಂತೆಲ್ಲ ಒಂದೊಂದೇ ಕೊರತೆ ಎದ್ದು ಕಂಡಿತು. ಬೆಂಗಳೂರಿನ ಪತ್ರಿಕೆ ಸುಳ್ಳು ಬರೆದಿರಲಿಲ್ಲ! ಕಂಬದ ಹಿಂದೆ ಹೋದರೆ ಸಾಕು, ಕ್ಯಾಮೆರಾ ವಾಲಿಕೊಂಡು ಕಂಬವನ್ನೇ ತೋರಿಸುತ್ತ ನಿಲ್ಲುತ್ತಿತ್ತು, ವೀರರು ಎಲ್ಲೋ ಕಾಣದ ಮೂಲೆಯಲ್ಲಿ ಬಡಿದಾಡಿಕೊಳ್ಳುತ್ತಿದ್ದರು. ಇಷ್ಟು ದಿನ ಪ್ರೀತಿ ಹೆಚ್ಚಾಗಿ ಅದು ಕಣ್ಣಿಗೇ ಬಿದ್ದಿರಲಿಲ್ಲ.

“ಕ್ಯಾಮೆರಾ ವಿಷ್ಯ ಬಿಟ್ಬಿಡಮ್ಮಾ, ನಮ್ ಅಂಗಡಿ ಮಾನ ಹೋಗ್ತದೆ” ಎಂದ ಸುರೇಶ.

“ಬಿಡಕ್ಕಾಗಲ್ಲ ಸುರೇಶಣ್ಣ. ಅದನ್ನ ಮುಚ್ಚಿಟ್ರೆ, ಚೆನ್ನಾಗಿರೋದನ್ನ ಬರೆದ್ರೂ ಯಾರು ನಂಬ್ತಾರೆ?”

ಬರೆದೇ ಬರೆದಳು. ‘ರಾಗಿ ಕಣದಲ್ಲಿ ಒಕ್ಕಣೆಯ ಗುಂಡು ಎಳೆಯುವ ಎತ್ತುಗಳ ಹಾಗೆ ವೀರರು ಸುಮ್ಮನೆ ಸುತ್ತುವುದುಂಟು. ಕಂಬ ಅಡ್ಡ ಬಂದರೆ ಕಾಳಗವೇ ಕಾಣದು. ಆದರೆ ಕೊನೆಯ ಏಟಿಗೆ ಆಕಾಶ ಬಿರಿದು ಬೆಳುದಿಂಗಳು ಸುರಿಯುವಾಗ ಕುರ್ಚಿಯ ಮೇಲೆ ಕೂತಿರುವವರನ್ನು ನಾನು ಕಂಡಿಲ್ಲ, ಎಲ್ಲರೂ ಎದ್ದು ನಿಂತಿರುತ್ತಾರೆ.’ ಹೀಗೆ ಹರಿಯಿತು. ಮುಗಿಸುವಾಗ ಅಂಕ ಹಾಕಲು ಮನಸ್ಸಾಗಲಿಲ್ಲ. ಗೆದ್ದವರೂ ಸೋತವರೂ ಆಟ ಮುಗಿಸಿ ಏಳುವಾಗ ಅಂಗಡಿಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. ಚೆನ್ನಾಗಿದೆ ಎಂಬುದಕ್ಕೆ ತೆಲುಗಿನಲ್ಲಿ ಹೇಳುವ ಆ ಮಾತನ್ನೇ, ಅಪ್ಪನ ಬಿಗಿಯನ್ನು ಪಕ್ಕಕ್ಕಿಟ್ಟು, ಕೊನೆಯ ಸಾಲಾಗಿ ಬರೆದಳು: ‘ಆಟ ಬಾಗುಂದಿ.’

ಬರೆದದ್ದನ್ನು ಕೋಲಾರಕ್ಕೆ ಒಯ್ದು ಕೊಟ್ಟಳು. ಶನಿವಾರ ‘ಗಡಿ ಕಹಳೆ’ ಬಂತು. ಬಸ್ ನಿಲ್ದಾಣದಲ್ಲೇ ಬಿಡಿಸಿ ನೋಡಿದಳು. ಕೊನೆಯ ಸಾಲು ಹೀಗಿತ್ತು: ‘ಆಟ ಬಾಗಿದೆ.’

ಪತ್ರಿಕೆಯ ಪುಟ ಕಟ್ಟುತ್ತಿದ್ದವರು ಹಾವೇರಿ ಕಡೆಯವರು. ತೆಲುಗಿನ ಗಾಳಿಯೂ ಸೋಕಿರಲಿಲ್ಲ. ಪಾಪ, ಹುಡುಗಿ ತಪ್ಪು ಬರೆದಿದ್ದಾಳೆಂದು ತಾವೇ ಮುತುವರ್ಜಿ ವಹಿಸಿ ತಿದ್ದಿದ್ದರು!

ಆಮೇಲೆ ಏನು ಕೇಳುತ್ತೀರಿ! ಬಾಗಿದೆ ಅಂದರೆ ಡಿಸ್ಕೇ ಬಾಗಿದೆ ಎಂದು ಊರು ಓದಿಕೊಂಡಿತು. ಬಿಸಿಲಿಗೆ ಬಾಗಿತಂತೆ, ಅದನ್ನು ಹಾಕಿದರೆ ಮಿಷನ್ನೇ ಸುಡುತ್ತದಂತೆ ಎಂದು ಮಾತು ಬೆಳೆಯಿತು. ಶ್ರೀನಿವಾಸಪುರದಿಂದ ಹುಡುಗರ ದಂಡೇ ಬಸ್ಸಿಳಿದು ಬಂತು, ಬಾಗಿದ ಡಿಸ್ಕು ನೋಡಲು! ಸುರೇಶ ಡಿಸ್ಕನ್ನು ಗಾಜಿನ ಮೇಜಿನ ಮೇಲೆ ಅಂಗಾತ ಮಲಗಿಸಿ, “ನೋಡ್ರಪ್ಪಾ, ಎಲ್ ಬಾಗೈತೆ? ಮುಟ್ಟಿ ನೋಡ್ರಿ!” ಎಂದು ಗಂಟಲು ಹರಿದುಕೊಂಡ. ನೋಡಲು ಬಂದವರು ಸುಮ್ಮನೆ ಹೋಗುತ್ತಾರೆಯೇ? ಕೂತು ಆಡಿದರು. ಕಂಬದ ಹಿಂದೆ ಹೋದವರು “ಬಾಗೈತೆ ಕಣೋ!” ಎಂದರು. ಬೆಳುದಿಂಗಳು ಕಂಡವರು “ಲೇ, ಬಾಗುಂದಿ ಕಣ್ಲಾ!” ಎಂದು ಕೂಗಿದರು. ಅಂಗಡಿ ಎರಡು ಪಕ್ಷವಾಯಿತು. ಟೈಲರು ಮತ್ತೆ ಮಿಷನ್ ನಿಲ್ಲಿಸಿದ.

ಸೌಪರ್ಣಿಕಾ ಮಾತ್ರ ಕೋಲಾರದ ಬಸ್ಸು ಹತ್ತಿದ್ದಳು. ದಾರಿಯುದ್ದಕ್ಕೂ ಸಿಟ್ಟು, ಅಳು ಒಟ್ಟೊಟ್ಟಿಗೆ. ಅಂಕಣ ಹೋಯಿತಲ್ಲ ಎಂಬುದೊಂದೇ ಯೋಚನೆ.

ಕೋದಂಡರಾಮಪ್ಪನವರು ಅವಳನ್ನು ಕಂಡೊಡನೆ ಕೈ ಎತ್ತಿದರು. “ಫೋನ್ ಮೇಲೆ ಫೋನು ಕಣಮ್ಮಾ. ತಪ್ಪು ನಮ್ಮದೇ, ಒಪ್ಕೊಳ್ತೀನಿ. ಒಂದು ತಿದ್ದುಪಡಿ ಹಾಕಿ ಈ ಗಲಾಟೆ ಮುಗಿಸಿಬಿಡೋಣ. ಮಾವಿನ ಕಾಲ, ನಂಗೂ ಜಾಗ ಬೇಕು.”

“ಫೋನ್ ಮಾಡಿದೋರು ಏನಂದ್ರು ಸಾರ್?”

“ಬೈದ್ರು! ಆಟ ಬಾಗಿದೆ ಅಂತ ಹೆಂಗೆ ಬರೆದ್ರಿ ಅಂತ ಒಬ್ಬ. ಬಾಗಿರೋದು ನಿಜ, ಇನ್ನೂ ಬರೀರಿ ಅಂತ ಇನ್ನೊಬ್ಬ.”

ಸೌಪರ್ಣಿಕಾಳ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

“ಓದೋರು ಕೇಳಿದ್ರೆ ಅಂಕಣ ಕೊಡ್ತೀನಿ ಅಂದಿದ್ರಿ. ಬೈದ್ರೂ ಕೇಳಿದ್ರು ಅಲ್ವಾ ಸಾರ್? ತಿದ್ದುಪಡಿ ಬೇಡ. ಕ್ಯಾಮೆರಾ ಬಾಗಿರೋದೂ ನಿಜ, ಆಟ ಬಾಗುಂದಿ ಅನ್ನೋದೂ ನಿಜ. ಎರಡನ್ನೂ ಸೇರಿಸಿ ಈಗ್ಲೇ ಬರ್ಕೊಡ್ತೀನಿ. ಒಂದು ಪೆನ್ನು ಕೊಡಿ.”

ಕೋದಂಡರಾಮಪ್ಪನವರು ಪೆನ್ನು ಕೊಟ್ಟರು, ಮಾತು ಕೊಡಲಿಲ್ಲ. “ನೋಡೋಣ” ಎಂದಷ್ಟೇ ಅಂದರು. ಆ ‘ನೋಡೋಣ’ ಇದೆಯಲ್ಲ, ಅದು ವಾರವಿಡೀ ಅವಳ ಬೆನ್ನು ಬಿಡಲಿಲ್ಲ. ಅಂಗಡಿಗೂ ಹೋಗಲಿಲ್ಲ.

ಮುಂದಿನ ಶನಿವಾರ ಅಪ್ಪ ಎಂದಿನಂತೆ ಜಗಲಿಯ ಮೇಲೆ ಕೂತು ‘ಗಡಿ ಕಹಳೆ’ಯ ನಾಲ್ಕನೇ ಪುಟ ತೆಗೆದರು. ಹೋದ ವಾರ ರೇಟಿನ ಪಕ್ಕದಲ್ಲೇ ಇದ್ದ ಮಗಳ ಬರಹ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸೌಪರ್ಣಿಕಾ ಬಾಗಿಲ ಹಿಂದೆ ನಿಂತು ಇಣುಕಿದಳು.

“ಇದೇನೇ ಇದು, ಬಾದಾಮಿ ರೇಟು ಎಲ್ಹೋಯ್ತು?” ಎಂದು ನಾರಾಯಣ ಪುಟವನ್ನು ಹಿಂದೆ ಮುಂದೆ ತಿರುವಿದರು. ಮಾವಿನ ರೇಟು ಮೂರನೇ ಪುಟದ ಕೆಳಮೂಲೆಗೆ ಹೋಗಿತ್ತು. ಅದಿದ್ದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಬಾಗುಂದಿ – ಬಾಗಿದೆ’ ಎಂಬ ಹೊಸ ಅಂಕಣ. ಅದರ ಕೆಳಗೆ ಅವರ ಮಗಳ ಹೆಸರು.

ಅವರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಲು ತೊಡಗಿದರು. ಕತ್ತಿವೀರರು ಯಾರು, ಕ್ಯಾಮೆರಾ ಯಾಕೆ ವಾಲುತ್ತದೆ, ಒಂದೂ ಅವರಿಗೆ ತಿಳಿದಿರಲಾರದು. ಆದರೂ ಒಂದಕ್ಷರ ಬಿಡದೆ ಓದಿದರು. ಅವತ್ತು ಮಂಡಿಗೆ ಹೋಗುವ ಬಸ್ಸು ತಪ್ಪಿತು. ಮಾವಿನ ರೇಟು ಹುಡುಕಲೇ ಇಲ್ಲ. ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮಗೆ ತಾವೇ ಎಂಬಂತೆ, ಒಂದು ಮಾತು ಅಂದರು.

ಅಡುಗೆಮನೆಯಿಂದ ಅಮ್ಮ ತಿರುಮಲಮ್ಮ ಕೇಳಿದರು: “ಏನಂದ್ರಿ? ಬಾಗಿದೆ ಅಂದ್ರಾ?”

“ಇಲ್ಲ ಕಣೇ,” ಎಂದರು ನಾರಾಯಣ, ಬಾಗಿಲ ಹಿಂದಿದ್ದವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಬಾಗುಂದಿ ಅಂದೆ.”