ಹನುಮಮ್ಮನ ಗಂಧದ ಮರ

ಸ್ವಂತ ಹೊಲದ ಬೇಲಿಯಲ್ಲಿ ನಿಂತ ಮರಕ್ಕೆ ಹೆದರಿಕೊಂಡು ಬದುಕಿದವನು ಮದಕರಿಪುರದ ಚಿಕ್ಕತಿಮ್ಮಪ್ಪ. ಹುಲಿಗಲ್ಲ, ಚಿರತೆಗಲ್ಲ, ಒಂದು ಮರಕ್ಕೆ. ನಗಬೇಡಿ. ಆ ಕಾಲದಲ್ಲಿ ಆ ಊರಿನಲ್ಲಿ ಹೊಲ ಇಟ್ಟುಕೊಂಡಿದ್ದರೆ ನೀವೂ ಹೆದರುತ್ತಿದ್ದಿರಿ.

ಅದು ಗಂಧದ ಮರ. ತೊಂಬತ್ತರ ದಶಕದಲ್ಲಿ ಗಂಧ ಎಲ್ಲಿ ಹುಟ್ಟಿದರೂ ಸರ್ಕಾರದ್ದೇ. ನೆಲ ನಿಮ್ಮದು, ಬೇಲಿ ನಿಮ್ಮದು, ಕಾವಲೂ ನಿಮ್ಮದೇ, ಮರ ಮಾತ್ರ ಅವರದು. ಜೋಗಿಮಟ್ಟಿ ಕಾಡಿನ ಕಡೆಯಿಂದ ಹಾರಿಬಂದ ಹಕ್ಕಿ ಗಂಧದ ಹಣ್ಣು ತಿಂದು ಬೇಲಿ ಮೇಲೆ ಕೂತು ಹಿಕ್ಕೆ ಹಾಕಿತೋ, ನಾಲ್ಕು ಮಳೆಗೆ ಅಲ್ಲೊಂದು ಸಸಿ. ಅದು ದೊಡ್ಡದಾದರೆ ಅರಣ್ಯದ ಗಾರ್ಡು ಬಂದು ಒಂದು ಅಂಗೈ ಅಗಲ ತೊಗಟೆ ಹೆರೆದು, ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗುತ್ತಿದ್ದ. ಆಮೇಲೆ ಕಳ್ಳರು ಕಡಿದರೆ ಮೊದಲು ಉತ್ತರ ಹೇಳಬೇಕಾದವನು ಹೊಲದ ಯಜಮಾನ. ಹಾಗಾಗಿ ಊರಿನ ಜನ ಕಳೆ ಕೀಳುವಾಗ ಗಂಧದ ಸಸಿ ಕಂಡರೆ ಅತ್ತಿತ್ತ ನೋಡಿ ಅದನ್ನೂ ಕಿತ್ತು ಬಿಸಾಕುತ್ತಿದ್ದರು. ಗಂಧದ ನಾಡು ಅಂತ ಎದೆ ತಟ್ಟಿಕೊಳ್ಳುವವರು ಇದನ್ನೂ ಸ್ವಲ್ಪ ಕೇಳಿಸಿಕೊಳ್ಳಬೇಕು.

ಚಿಕ್ಕತಿಮ್ಮಪ್ಪನ ಬೇಲಿಯ ಮರವನ್ನು ಯಾರೂ ಕೀಳಲಿಲ್ಲ. ಕೀಳುವ ಕಾಲಕ್ಕೆ ಅವನಿನ್ನೂ ಹುಟ್ಟಿರಲಿಲ್ಲ. ಅವನ ಅವ್ವ ಹನುಮಮ್ಮ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ವರ್ಷ ಹೊಂಗೆ ಗಿಡದ ಪಕ್ಕದಲ್ಲಿ ಗೇಣುದ್ದದ ಸಸಿ ಕಂಡಳಂತೆ. ಮೇಕೆ ಬಾಯಿ ಹಾಕದ ಹಾಗೆ ಕಾರೆಮುಳ್ಳು ತಂದು ಸುತ್ತ ಒತ್ತಿದಳು. ಅತ್ತೆ ಮನೆಯಲ್ಲಿ ಅವಳು ತನ್ನದು ಅಂತ ಮಾಡಿದ ಮೊದಲ ಕೆಲಸ ಅದು.

"ಗಂಧದ ಗಿಡ ತಾನೊಂದೇ ಬದುಕಲ್ಲ ಕಣ್ರೇ," ಎಂದು ಅವಳು ಕಳೆಗೆ ಬಂದ ಹೆಂಗಸರಿಗೆ ಹೇಳುತ್ತಿದ್ದಳು. "ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಉಣ್ತೈತೆ. ಥೇಟ್ ನನ್ನಂಗೆ. ನಾನೂ ಬ್ಯಾರೆಯೋರ ಮನೆ ಬೇರು ಹಿಡ್ಕಂಡೇ ಬದುಕಿದೋಳಲ್ವಾ!"

ಉದುರಿದ ಒಣ ಪುರಳೆ ಕಡ್ಡಿಯೊಂದೂ ಅವಳ ಕೈ ತಪ್ಪಿ ಹೋಗುತ್ತಿರಲಿಲ್ಲ. ಕೆಂಡದ ಮೇಲೆ ಚೂರು ಉದುರಿಸಿ ಅಮಾವಾಸ್ಯೆಗೆ ಮನೆದೇವರಿಗೆ ಹೊಗೆ ಹಾಕುತ್ತಿದ್ದಳು. ಬಾಣಂತಿ ತಲೆ ಒಣಗಿಸುವುದಕ್ಕೆ, ಎರೆದು ಮಲಗಿಸಿದ ಕೂಸಿನ ತೊಟ್ಟಿಲಿಗೆ, ಕಣ್ಣುಬಿದ್ದು ಹಾಲು ಬಿಗಿದುಕೊಂಡ ಎಮ್ಮೆಗೆ, ಎಲ್ಲಕ್ಕೂ ಅದೇ ಹೊಗೆ. ಆ ಮನೆಯಲ್ಲಿ ಸತ್ತವರ ಎದೆ ಮೇಲೆ ಒಂದು ತುಂಡು ಗಂಧ ಇಟ್ಟೇ ಬೆಂಕಿ ಕೊಡುವುದು ವಾಡಿಕೆ. ಗಂಡ ತೀರಿಕೊಂಡಾಗ ಅವಳೇ ಕೈಯಾರೆ ಒಂದು ಕೊಂಬೆ ಮುರಿದುಕೊಟ್ಟಿದ್ದಳು. ಆಗಿನ್ನೂ ಮರಕ್ಕೆ ನಂಬರು ಬಿದ್ದಿರಲಿಲ್ಲ.

ನಂಬರು ಬಿದ್ದ ಮೇಲೆ ಚಿಕ್ಕತಿಮ್ಮಪ್ಪನ ನಿದ್ದೆ ಹೋಯಿತು. ಸುಮ್ಮನೆ ಹೋಗಲಿಲ್ಲ, ಕಣ್ಣೆದುರಿಗೆ ಬೀರಪ್ಪನ ಕಥೆ ಇತ್ತು. ಬೀರಪ್ಪ ಅವನ ದೊಡ್ಡಪ್ಪನ ಮಗ, ಪಕ್ಕದ ಹೊಲದವನು. ಅವನ ಗಂಧದ ಮರವನ್ನು ಯಾರೋ ಕಡಿದುಕೊಂಡು ಹೋದರು. ನಿಯತ್ತಿನ ಮನುಷ್ಯ, ತಾನೇ ಹೋಗಿ ದೂರು ಕೊಟ್ಟ. ದೂರು ಕೊಟ್ಟವನ ಮನೆಯನ್ನೇ ಮೊದಲು ಜಾಲಾಡಿದರು. ದೇವರ ಗೂಡಿನಲ್ಲಿ ಒಂದು ಹಿಡಿ ಗಂಧದ ಚಕ್ಕೆ ಸಿಕ್ಕಿತು. ಮುಗಿಯಿತಲ್ಲ! ದುರ್ಗದ ಕೋರ್ಟಿಗೆ ವರ್ಷಗಟ್ಟಲೆ ಅಲೆದು ಕೊನೆಗೆ ಬಿಡುಗಡೆಯೇನೋ ಆಯಿತು. ಅಷ್ಟರಲ್ಲಿ ಅವನ ಮಗಳಿಗೆ ಗೊತ್ತಾಗಿದ್ದ ಗಂಡು ಕೈಬಿಟ್ಟು ಹೋಗಿತ್ತು. ಕಳ್ಳನ ಮನೆ ಹೆಣ್ಣು ಬೇಡ ಅಂದರಂತೆ.

ಚಿಕ್ಕತಿಮ್ಮಪ್ಪ ಹುಟ್ಟಾ ಪುಕ್ಕಲ. ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ. ಗಟ್ಟಿಯಾಗಿ ಮಾತಾಡಿದವರನ್ನು ಕಂಡರೆ ಟವೆಲ್ಲು ಹೆಗಲಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಹೊಸದಾಗಿ ಬಂದ ಗಾರ್ಡು ಪ್ರಸನ್ನಕುಮಾರ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಅವನು "ಚೆನ್ನಾಗಿದ್ದೀರಾ ಯಜಮಾನ್ರೇ?" ಎಂದು ಕೇಳಿದರೂ ಇವನಿಗೆ ಬಾಯಿ ಒಣಗುತ್ತಿತ್ತು.

ಹೀಗಿರುವಾಗ ತೊಂಬತ್ತೆಂಟರ ಸುಗ್ಗಿಯ ಹೊತ್ತಿಗೆ ಮರದ ಬೊಡ್ಡೆಯಲ್ಲಿ ಒಂದು ತೂತು ಕಾಣಿಸಿತು. ಕಿರುಬೆರಳು ಹೋಗುವಷ್ಟು. ಕೆಳಗೆ ಹಳದಿ ಪುಡಿ ಬಿದ್ದಿತ್ತು. ಒಳಗಿನ ಗಂಧದ ತಿರುಳು, ಚೇಗು, ಬಲಿತಿದೆಯೋ ಇಲ್ಲವೋ ಎಂದು ಕಳ್ಳರು ಕೊರೆದು ನೋಡಿ ಹೋಗಿದ್ದರು. ಬಲಿತಿರುವುದು ಗೊತ್ತಾದ ಮೇಲೆ ಬಾರದೆ ಇರುತ್ತಾರೆಯೇ? ಚಿಕ್ಕತಿಮ್ಮಪ್ಪ ಮನೆಗೆ ಓಡಿಬಂದು ಅವ್ವನಿಗೆ ಹೇಳಿದ.

ಹನುಮಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದು ಬೆಳಕು ಯಾವುದು ಕತ್ತಲು ಯಾವುದು ಅನ್ನುವುದಷ್ಟೇ ತಿಳಿಯುತ್ತಿತ್ತು. ದಿನಾ ಸಂಜೆ ಸೊಸೆ ಬೋರಕ್ಕ ಕೈ ಹಿಡಿದು ಕರೆದೊಯ್ದರೆ ಮರಕ್ಕೆ ಬೆನ್ನು ಕೊಟ್ಟು ಕುಳಿತು ಬರುತ್ತಿದ್ದಳು.

"ಕೊರದ್ರೆ ಕೊರೀಲಿ ಬಿಡು," ಎಂದಳು. "ನಾನು ಹೋಗಾವರ್ಗೂ ಅದಕ್ಕೇನೂ ಆಗಲ್ಲ. ನನ್ನ ಎದೆ ಮ್ಯಾಲೆ ಅದರದ್ದೊಂದು ತುಂಡು ಇಟ್ಟು ಸುಡು, ಆಮ್ಯಾಲೆ ಯಾವನಾದ್ರೂ ಒಯ್ಕಳ್ಳಿ."

ಈ ಮಾತು ಅವನಿಗೆ ಇನ್ನೊಂದು ಹೆದರಿಕೆಯಾಯಿತು. ಎದೆ ಮೇಲಿಡುವುದಕ್ಕೆ ಪುರಳೆ ಸಾಲದು, ತುಂಡು ಎಲ್ಲಿಂದ ತರುವುದು? ಹಸಿ ಕೊಂಬೆ ಕಡಿದರೆ ಕೇಸು. ಕಳ್ಳರು ಮರವನ್ನೇ ಒಯ್ದರೆ ಅದಕ್ಕೂ ಕೇಸು, ಅವ್ವನಿಗೆ ತುಂಡೂ ಇಲ್ಲ. ತಲೆ ಕೆಡಿಸಿಕೊಂಡು ಕೂತವನಿಗೆ ಒಂದು ದಾರಿ ಹೊಳೆಯಿತು. ಮರ ತಾನಾಗಿ ಒಣಗಿದರೆ ಅರಣ್ಯದವರೇ ಬಂದು ಬೇರುಸಮೇತ ಕಿತ್ತು ಡಿಪೋಗೆ ಸಾಗಿಸುತ್ತಾರೆ. ಕಳ್ಳರ ಕಾಟವಿಲ್ಲ, ಕೋರ್ಟಿನ ಕಾಟವಿಲ್ಲ. ಅವರು ಬರುವುದರೊಳಗೆ ಒಣಗಿ ಬಿದ್ದ ಒಂದು ತುಂಡನ್ನು ಯಾರಿಗೂ ಕಾಣದ ಹಾಗೆ ಎತ್ತಿಟ್ಟುಕೊಂಡರೆ ಅವ್ವನ ಆಸೆಯೂ ತೀರುತ್ತದೆ. ಪಾಪ, ಕೆಟ್ಟ ಯೋಚನೆಯೇನಲ್ಲ. ಪುಕ್ಕಲನಿಗೆ ಇದಕ್ಕಿಂತ ಒಳ್ಳೆಯದು ಹೊಳೆಯುವುದೂ ಇಲ್ಲ.

ಊರವರೆಲ್ಲ ದುರ್ಗದ ಸಂತೆಗೆ ಹೋದ ಒಂದು ದಿನ ಮಟಮಟ ಮಧ್ಯಾಹ್ನ ಅವನು ಮರ ಕೊರೆಯುವ ಬೈರಿಗೆ ಹಿಡಿದು ಬೇಲಿಗೆ ಹೋದ. ಕಳ್ಳರು ಮಾಡಿದ್ದ ತೂತನ್ನೇ ಆಳ ಮಾಡಿದ, ಬುಡದ ಮಣ್ಣು ಕೆದರಿ ಇನ್ನೆರಡು ಕೊರೆದ. ಇಂಗು ತುಂಬಿದರೆ ಎಂಥ ಮರವೂ ಒಣಗುತ್ತದೆ ಎಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿದ್ದ. ಇಂಗು ತುಂಬಿ, ಮೇಲೆ ಸೀಮೆಎಣ್ಣೆ ಹುಯ್ದು, ಮಣ್ಣು ಮುಚ್ಚಿದ. ಕೊರೆಯುವಾಗ ಎದ್ದ ಗಂಧದ ವಾಸನೆ ಬಟ್ಟೆಗೆಲ್ಲ ಹತ್ತಿಕೊಂಡಿತ್ತು. ತಿಪ್ಪೆಯ ಹತ್ತಿರ ಹೋಗಿ ಕೈಗೆ ಸಗಣಿ ಉಜ್ಜಿಕೊಂಡು ತೊಳೆದ.

ಮರ ಒಣಗತೊಡಗಿತು. ಮೊದಲು ತುದಿಯ ಎಲೆ, ಆಮೇಲೆ ಒಂದೊಂದೇ ಕೊಂಬೆ. ಹನುಮಮ್ಮನಿಗೆ ಕಣ್ಣು ಕಾಣದಿದ್ದರೇನು, ಮಡಿಲಿಗೆ ಬೀಳುತ್ತಿದ್ದ ಎಲೆಗಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಪುಡಿಪುಡಿಯಾದವು.

"ಬೋರಕ್ಕಾ, ಮರ ಒಣಗಾಕತ್ತೈತೇನೇ?"

"ಹೂಂ ಅತ್ತೆ. ಯಾವ ರೋಗ ಬಂತೋ ಏನೋ."

ಮುದುಕಿ ಪುಡಿಯಾದ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ರೋಗ ಅಲ್ಲ ಕಣೆ," ಎಂದಳು. "ಇಬ್ರೂ ಒಂದೇ ವರ್ಸ ಈ ಮನೆಗೆ ಬಂದೋರು. ಅದು ನಂಗಿಂತ ಮುಂಚೆ ಹೊಂಟೈತೆ. ಬಾ ಅಂತ ಕರೀತೈತೆ."

ಅವತ್ತು ರಾತ್ರಿ ಮುದ್ದೆ ಮುಟ್ಟಲಿಲ್ಲ. ಮಾರನೆಯ ದಿನವೂ ಇಲ್ಲ. ಬೋರಕ್ಕ ಗಂಜಿ ಕಾಸಿ ತಂದರೆ ತುಟಿ ಬಿಗಿ ಹಿಡಿದು ಮುಖ ತಿರುಗಿಸಿದಳು. ದುರ್ಗದಿಂದ ಡಾಕ್ಟರನ್ನು ಕರೆತಂದರು. ಅವರು ನಾಡಿ ಹಿಡಿದು, ಎದೆ ನೋಡಿ, "ಕಾಯಿಲೆ ಏನೂ ಇಲ್ಲ, ಊಟ ಮಾಡಿಸಿ" ಎಂದು ಹೇಳಿ ಹೋದರು. ಊಟ ಮಾಡಿಸುವುದು ಗೊತ್ತಿದ್ದರೆ ಅವರನ್ನು ಯಾಕೆ ಕರೆಸುತ್ತಿದ್ದರು!

ಚಿಕ್ಕತಿಮ್ಮಪ್ಪನಿಗೆ ಮರ ಉಳಿದರೆ ಅವ್ವ ಉಳಿಯುತ್ತಾಳೆ, ಅಷ್ಟೇ ಲೆಕ್ಕ. ಬೇಲಿಗೆ ಓಡಿದ. ತೂತುಗಳಿಂದ ಇಂಗನ್ನು ಕಡ್ಡಿಯಲ್ಲಿ ಕೆರೆದು ಕೆರೆದು ತೆಗೆದ. ಸಗಣಿ, ಹುತ್ತದ ಮಣ್ಣು ಕಲಸಿ ಮೆತ್ತಿದ. ಬಾವಿಯಿಂದ ಕೊಡ ಕೊಡ ನೀರು ಹೊತ್ತು ಬುಡಕ್ಕೆ ಹುಯ್ದ. ಹೆಗಲು ಸುಲಿದು ಹೋಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಹೆತ್ತರೆ ಇಂಥ ಮಗನನ್ನು ಹೆರಬೇಕು ಎಂದು ಕಣ್ಣೊರೆಸಿಕೊಂಡರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮರ ಚಿಗುರಲಿಲ್ಲ.

ಹನುಮಮ್ಮ ಹಾಸಿಗೆಗೆ ಅಂಟಿಕೊಂಡಳು. ಇನ್ನು ತಡೆಯಲಾರದೆ ಒಂದು ಬೆಳಿಗ್ಗೆ ಅವನು ಅವ್ವನ ಪಕ್ಕ ಕುಳಿತು ಅವಳ ಪಾದ ಹಿಡಿದುಕೊಂಡ.

"ಅವ್ವಾ, ಮರ ನಿನ್ನ ಕರೀತಿಲ್ಲ. ತಾನಾಗಿ ಒಣಗಿದ್ದೂ ಅಲ್ಲ. ನಾನೇ ಕೊಂದೆ. ಬೈರಿಗೇಲಿ ಕೊರೆದು ಇಂಗು ಹಾಕ್ದೆ. ಕೇಸಾಗ್ತೈತೆ ಅಂತ ಹೆದ್ರಿಕಂಡು ಹಿಂಗೆ ಮಾಡ್ದೆ. ನಿನ್ನ ಕಾಲ ಇನ್ನೂ ಬಂದಿಲ್ಲ ಕಣವ್ವಾ. ಒಂದು ತುತ್ತು ಉಣ್ಣು."

ಮುದುಕಿಯ ಬತ್ತಿದ ಮುಖದಲ್ಲಿ ನಗು ಮೂಡಿತು.

"ಎಂಥ ಸುಳ್ಳು ಕಟ್ಟಿದ್ಯೋ! ನನ್ನ ಉಣ್ಸಾಕೆ ಇಷ್ಟು ದೊಡ್ಡ ಪಾಪನ ಮೈಮ್ಯಾಲೆ ಹಾಕ್ಕಂತಿಯೇನೋ?"

"ಸುಳ್ಳಲ್ಲ ಅವ್ವಾ! ದೇವರಾಣೆ!"

ಆಣೆಗೂ ನಂಬಲಿಲ್ಲ. ಅವನು ಅವಳನ್ನು ಕೂಸಿನ ಹಾಗೆ ಎತ್ತಿಕೊಂಡ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಬೋರಕ್ಕ "ಏನ್ರೀ ಇದು, ಏನ್ ಮಾಡ್ತಿದ್ದೀರಿ?" ಎಂದು ಕೂಗುತ್ತ ಹಿಂದೆ ಬಂದಳು. ಹೊಲಕ್ಕೆ ಹೊತ್ತೊಯ್ದು, ಮರದ ಬುಡದಲ್ಲಿ ಕೂರಿಸಿ, ಅವ್ವನ ಬೆರಳು ಹಿಡಿದು ತೂತಿನ ಮೇಲೆ ಇಟ್ಟ.

"ಮುಟ್ಟಿ ನೋಡು! ಇಲ್ಲೇ ಕೊರೆದದ್ದು ನಾನು."

ಹನುಮಮ್ಮ ಬೆರಳಾಡಿಸಿದಳು. "ಇದು ಕಳ್ಳರು ಕೊರೆದಿದ್ದಲ್ಲೇನೋ? ಅವತ್ತು ನೀನೇ ಓಡಿಬಂದು ಹೇಳಿದ್ದೆ," ಎಂದಳು. ಮೆತ್ತಿದ್ದ ಮಣ್ಣನ್ನು ಸವರಿದಳು. "ಈ ಮಣ್ಣು ನಿಂದು. ಕೊಂದೋನು ಯಾವನಾದ್ರೂ ಹಿಂಗೆ ಮೆತ್ತುತಾನೇನಪ್ಪ? ನೀನು ನೀರು ಹೊತ್ತಿದ್ದನ್ನ ಊರೆಲ್ಲಾ ಬಂದು ಹೇಳೈತೆ ನಂಗೆ."

ಅವನು ಹಣೆ ಹಣೆ ಚಚ್ಚಿಕೊಂಡು ಅತ್ತ. ಅವಳು ತಡಕಾಡಿ ಅವನ ತಲೆ ಹುಡುಕಿ ಅದರ ಮೇಲೆ ಕೈ ಇಟ್ಟಳು.

"ಅಳಬ್ಯಾಡ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಏಳೇಳು ಜನ್ಮಕ್ಕೂ ನೀನೇ ನನ್ನ ಹೊಟ್ಟೇಲಿ ಹುಟ್ಟು ಮಗನೇ."

ಬೈದಿದ್ದರೆ, ಉಗಿದಿದ್ದರೆ, ಎಕ್ಕಡ ತೆಗೆದು ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆಶೀರ್ವಾದವನ್ನು ಎಲ್ಲಿಟ್ಟುಕೊಳ್ಳಬೇಕು? ಅದೇ ವಾರ ಹನುಮಮ್ಮ ತೀರಿಕೊಂಡಳು.

ಹೆಣ ಹೊರಗಿಟ್ಟ ಮೇಲೆ ಗಾರ್ಡು ಪ್ರಸನ್ನಕುಮಾರ್ ಸೈಕಲ್ ತುಳಿದುಕೊಂಡು ಬಂದ. ಒಣಗಿದ ಮರದ ವರದಿ ಬರೆಯಲು ಬಂದವನು ಜನ ಸೇರಿದ್ದು ನೋಡಿ ಟೋಪಿ ತೆಗೆದು ನಿಂತ. ಬೀರಪ್ಪ ಅವನಿಗೆ ಮುದುಕಿಯ ಆಸೆ ಹೇಳಿದ. ಹುಡುಗ ಸುತ್ತ ಒಮ್ಮೆ ನೋಡಿ, "ಒಣಗಿದ ಕೊಂಬೆ ತಾನೇ? ಮುರ್ಕೊಳ್ರಿ. ನಾನೇನೂ ನೋಡಿಲ್ಲ. ಮುಂಚೇನೇ ಒಂದು ಮಾತು ಕೇಳಿದ್ರೂ ಹಿಂಗೇ ಅಂತಿದ್ದೆ," ಎಂದು ಬೇರೆ ಕಡೆ ಮುಖ ಮಾಡಿದ. ಚಿಕ್ಕತಿಮ್ಮಪ್ಪ ಅದನ್ನು ಕೇಳಿಸಿಕೊಂಡ. ಅವನು ಒಂದೇ ಒಂದು ಸಲವೂ ಕೇಳಿರಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಕಾನೂನೇ ಬದಲಾಯಿತು. ಹೊಲದ ಗಂಧ ಹೊಲದವನದೇ ಅಂತಾಯಿತು. ಸಸಿ ಕೀಳುತ್ತಿದ್ದವರೇ ನರ್ಸರಿ ಮುಂದೆ ಸಸಿಗೆ ಸಾಲುಗಟ್ಟಿದರು. ಆ ಮಾತು ಈಗ ಆಡಿ ಏನು ಬಂತು? ಅವತ್ತು ಸುಡುಗಾಡಿನಲ್ಲಿ ಬೇವಿನ ಕಟ್ಟಿಗೆಯ ಮೇಲೆ ಹನುಮಮ್ಮ ಮಲಗಿದ್ದಳು. ಬೀರಪ್ಪ ತೋಳುದ್ದದ ಗಂಧದ ಕೊಂಬೆ ತಂದು ಚಿಕ್ಕತಿಮ್ಮಪ್ಪನ ಕೈಗಿಟ್ಟ.

"ನೀನೇ ಇಡಪ್ಪ. ಮಗ ಇಟ್ರೇನೇ ಚಂದ."

"ಬೀರಣ್ಣಾ, ನಾನು ಕೊಂದೋನು ಕಣೋ. ಮರನೂ ನಾನೇ, ಅವ್ವನ್ನೂ ನಾನೇ."

"ದುಃಖದಾಗೆ ಏನೇನೋ ಬಡಬಡಿಸ್ಬ್ಯಾಡ. ಇಡು."

ಇಟ್ಟ. ಬೆಂಕಿ ಕೊಟ್ಟ. ಮೊದಲು ಬೇವಿನ ಕಹಿ ಹೊಗೆ ಕಣ್ಣಿಗೆ ಚುಚ್ಚಿತು. ಉರಿ ಎದೆಮಟ್ಟಕ್ಕೆ ಏರಿದ ಮೇಲೆ ಗಂಧ ಹೊತ್ತಿಕೊಂಡಿತು. ಅಬ್ಬಾ, ಎಂಥ ಪರಿಮಳ! ಸುಡುಗಾಡಿನ ತುಂಬ ಹರಡಿತು. ಹೆಗಲು ಕೊಟ್ಟವರು, ಕಟ್ಟಿಗೆ ಹೊತ್ತವರು, ದೂರ ನಿಂತಿದ್ದ ಪ್ರಸನ್ನಕುಮಾರ್, ಎಲ್ಲರೂ ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡರು. "ಪುಣ್ಯವಂತೆ ಕಣ್ರೋ, ಮರನೂ ಜೊತೇಲಿ ಕರ್ಕಂಡು ಹೋದ್ಲು," ಎಂದು ಯಾರೋ ಅಂದರು. ಚಿಕ್ಕತಿಮ್ಮಪ್ಪ ಮಾತ್ರ ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದ. ಕತ್ತಿನ ನರ ಉಬ್ಬಿತು, ಕಣ್ಣು ಕೆಂಪಾದವು. ಎಷ್ಟು ಹೊತ್ತು ತಡೆದಾನು? ಕೊನೆಗೆ ಅವನೂ ಉಸಿರು ಎಳೆದುಕೊಳ್ಳಲೇಬೇಕಾಯಿತು.