ಹೊಳೆಯ ನಡುವೆ ಮಲಗಿದ ದೇವರ ಹೆಸರು

ಮೊನ್ನೆ ಮರಳೂರಿನ ಈ ಮನೆಯಲ್ಲಿ ಬಾಗಿಲಿಗೆ ನೀರು ಹಾಕಿ, ‘ಆ ಬಾಗಿಲ ಪುಡಿ ತಗೊಂಡು ಬಾರೇ’ ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಡಬ್ಬಿ ತಂದಿಟ್ಟು, ‘ಯಾಕಜ್ಜಿ, ಇದಕ್ಕೊಂದು ಹೆಸರಿಲ್ವಾ?’ ಎಂದಳು.

ಹೆಸರಿದೆ ಮಕ್ಕಳೇ, ನಿಮಗೆಲ್ಲ ಬರೆದೇ ಹೇಳುತ್ತೇನೆ. ನಿಮ್ಮ ತಾತನ ಹೆಸರಿನ ಸದ್ದು ಅದರಲ್ಲೂ ಇರುವುದರಿಂದ, ಮದುವೆಯಾದಂದಿನಿಂದ ನಾನು ಅದನ್ನು ಬಾಯಲ್ಲಿ ಆಡಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳಿದ್ದರು. ಹುಲಿಯೂರುದುರ್ಗದ ಪಕ್ಕದ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಹದಿನೇಳರ ಮಗ್ಗಿ ತಪ್ಪದೆ ಒಪ್ಪಿಸುತ್ತಿದ್ದೆ. ಅತ್ತೆಯ ಈ ಲೆಕ್ಕವನ್ನು ಮಾತ್ರ ಪರೀಕ್ಷೆ ಮಾಡದೆ ಒಪ್ಪಿಕೊಂಡೆ.

ನಿಮ್ಮ ತಾತ ಗುಬ್ಬಿಯಲ್ಲಿ ಕರೆಂಟು ಇಲಾಖೆಯ ಲೈನ್‌ಮನ್. ಅವರು ಆಸ್ಪತ್ರೆ ಸೇರಿದ್ದು ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ. ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದು ಹಿತ್ತಲಲ್ಲಿ ಕುಸಿದವರನ್ನು ತುಮಕೂರಿನ ನರ್ಸಿಂಗ್ ಹೋಮಿಗೆ ತಂದೆವು. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು. ಗಾಜಿನ ಬಾಗಿಲಿನ ಕೋಣೆಗೆ ಸೇರಿಸುವ ಮುಂಚೆ ಗುಮಾಸ್ತ ನನ್ನನ್ನು ಕೇಳಿದ: ‘ಪೇಷಂಟ್ ಹೆಸರೇನಮ್ಮಾ?’

ಬರೆದುಕೊಡಬಹುದಿತ್ತು. ಅಪರಿಚಿತರ ಹತ್ತಿರ ಪೆನ್ನು ಕೇಳಲು ನಾಚಿಕೆ. ‘ದೇವರ ಹೆಸರು, ಹೊಳೆ ಮಧ್ಯೆ ಮಲಗವ್ನಲ್ಲ, ಆ ದೇವ್ರು’ ಎಂದೆ.

ಆತ ದೈವಭಕ್ತನಿರಬೇಕು. ‘ಮಲಗಿರೋನು ಅಂದ್ರೆ ಪದ್ಮನಾಭ ಅಲ್ವಾ?’

ನಾನು ನೆಲ ನೋಡಿದೆ. ಅದನ್ನು ಹೌದು ಎಂದುಕೊಂಡು ಬರೆದುಬಿಟ್ಟ.

ಮಾರನೆಯ ದಿನ ಅವರಿಗೆ ಎಚ್ಚರವಾಯಿತು. ಎಚ್ಚರವೆಂದರೆ ಎಂಥದ್ದು! ಸಲೈನ್ ನಳಿಗೆ ಕಿತ್ತೆಸೆದರು. ಹಿಡಿಯಲು ಹೋದ ನರ್ಸಮ್ಮನ ಕೈ ಕಚ್ಚಿದರು. ಕೊನೆಗೆ ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು. ಜೀವಮಾನದಲ್ಲಿ ನನ್ನ ಮೇಲೆ ದನಿ ಏರಿಸದ ಮನುಷ್ಯ, ‘ಹಗ್ಗ ಬುಡ್ರೋ, ಲೈನ್ ಚಾಲೂ ಐತೆ’ ಎಂದು ಕಿರುಚುತ್ತಿದ್ದರು.

ನೆಂಟರು ಬಂದರು. ಕುಣಿಗಲ್‌ನಿಂದ ಬಂದವರು ಹುಚ್ಚು ಎಂದರು, ಬೆಳ್ಳಾವಿಯಿಂದ ಬಂದವರು ಮಾಟ ಎಂದರು, ಇಬ್ಬರೂ ಬಾಳೆಹಣ್ಣು ತಂದಿದ್ದರು. ರೋಗಿ ತಿನ್ನುವ ಹಾಗಿಲ್ಲವೆಂದು ತಿಳಿದು ಜಗಲಿಯಲ್ಲಿ ಕೂತು ತಾವೇ ತಿಂದರು. ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಮಗನ ಮೂಗಿನ ನಳಿಗೆ ನೋಡಿ ಮೊದಲ ದಿನವೇ ತಲೆ ಸುತ್ತಿ ಬಿದ್ದಿದ್ದ ನಮ್ಮತ್ತೆ ಜಗಲಿಯಿಂದಲೇ ರೋಗ ಪತ್ತೆ ಮಾಡಿದರು: ‘ಮಸಾಣದ ಪಕ್ಕದ ಕಂಬ ಹತ್ತಿದ್ನಲ್ಲ, ಅಲ್ಲೇ ಗಾಳಿ ಮೆಟ್ಕಂಡೈತೆ.’

ಡಾಕ್ಟರು ಮಾತ್ರ ಸಮಾಧಾನವಾಗಿ ಹೇಳಿದರು. ‘ಹುಚ್ಚಲ್ಲಮ್ಮ. ಏಟು ತಿಂದ ಮೆದುಳಿಗೆ ತಾನೆಲ್ಲಿದೀನಿ ಅಂತ ಗೊತ್ತಾಗ್ತಿಲ್ಲ. ಹೀಗೇ ಕೊಸರಾಡ್ತಿದ್ರೆ ಬಿ.ಪಿ. ಏರಿ ಮತ್ತೆ ರಕ್ತ ಸೋರುತ್ತೆ, ಆಮೇಲೆ ಉಳಿಸೋದು ಕಷ್ಟ. ಹೆಸರಿಟ್ಟು ಕರೆದ್ರೂ ತಿರುಗ್ತಿಲ್ವಲ್ಲ, ಅದೇ ಯೋಚನೆ.’

ತಿರುಗುವುದು ಹೇಗೆ? ಎರಡು ದಿನದಿಂದ ನರ್ಸಮ್ಮ ಅವರ ಕಿವಿಯ ಹತ್ತಿರ ‘ಪದ್ಮನಾಭ, ಕಣ್ಣು ಬಿಡಿ ಪದ್ಮನಾಭ’ ಎಂದು ಕೂಗುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ಸೆರಗಿನ ತುದಿ ತಿರುಚುತ್ತಿದ್ದೆ. ಗಂಡನ ಆಯಸ್ಸು ಕಾಪಾಡುತ್ತಿದ್ದೆನಂತೆ.

‘ನೀವಾದ್ರೂ ಕರೀರಮ್ಮ, ಬೊಂಬೆ ಥರ ನಿಂತ್ಕೋಬೇಡಿ’ ಎಂದಳು ನರ್ಸಮ್ಮ.

‘ರೀ’ ಎಂದೆ. ‘ರೀ, ನೋಡೀಂದ್ರೆ.’

ಅವರು ಸೂರು ನೋಡುತ್ತಲೇ ಗದರಿದರು. ‘ಯಾರ್ಲಾ ಅದು ಕೆಳಗೆ, ರೀ ರೀ ಅಂತ? ಹೆಸ್ರು ಹಿಡಿದು ಕೂಗ್ಲಾ.’

ಆಗ ಹೊಳೆಯಿತು. ಅವರು ಮಂಚದ ಮೇಲಿರಲಿಲ್ಲ, ಕಂಬದ ಮೇಲಿದ್ದರು. ಕೈಗೆ ತಾಕುತ್ತಿದ್ದ ನಳಿಗೆ ಅವರ ಪಾಲಿಗೆ ತಂತಿ. ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದರು: ಕರೆಂಟು ತೆಗೆದಿದೆ ಎಂದು ಕೆಳಗಿನವನು ಹೆಸರು ಹಿಡಿದು ಕೂಗಿ ‘ಲೈನ್ ಕ್ಲಿಯರ್’ ಅನ್ನಬೇಕು, ಅಲ್ಲಿಯವರೆಗೆ ಮೇಲಿನವನು ಜೀವ ಬಿಗಿ ಹಿಡಿದಿರಬೇಕು. ಬರೀ ಹೋಯ್ ಎಂದರೆ ಯಾವ ಕಂಬದವನಿಗೆಂದು ತಿಳಿಯುತ್ತದೆ?

ಗಾಜಿನಾಚೆ ಅತ್ತೆ ಕಾಣುತ್ತಿದ್ದರು. ನಾನು ಅವರಿಗೆ ಬೆನ್ನು ಮಾಡಿದೆ. ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ ದನಿ ಎಲ್ಲಿತ್ತೋ, ಬಂತು.

‘ರಂಗಪ್ಪಾ, ಲೈನ್ ಕ್ಲಿಯರ್. ಇಳಿದು ಬಾ.’

ಏಕವಚನ ಬೇರೆ. ಅವರ ಕೊಸರಾಟ ನಿಂತಿತು. ಕತ್ತು ನನ್ನ ಕಡೆ ತಿರುಗಿತು.

‘ಯಾರು ಹೇಳ್ತಿರೋದು?’

‘ನಾನು.’

‘ನಾನು ಅಂದ್ರೆ ಯಾರ್ಲಾ?’

ನನ್ನ ಹೆಸರು ಹೇಳಿದೆ. ಗಂಡನ ಮನೆಯಲ್ಲಿ ಆ ಹೆಸರು ಹಿಡಿದೂ ಯಾರೂ ಕರೆದಿರಲಿಲ್ಲ. ‘ಸರಿ’ ಎಂದು, ಇಳಿದು ಬಂದವರ ಹಾಗೆ ಉಸಿರು ಬಿಟ್ಟು ಕಣ್ಣು ಮುಚ್ಚಿದರು. ನರ್ಸಮ್ಮ ಕೇಸ್ ಶೀಟನ್ನೂ ನನ್ನನ್ನೂ ನೋಡಿದಳು. ‘ಹಂಗಾದ್ರೆ ಪದ್ಮನಾಭ ಯಾರಮ್ಮಾ?’

ಆಮೇಲೆ ಎರಡು ಮೂರು ದಿನ ಅವರು ಕಂಬ ಹತ್ತಿದಾಗೆಲ್ಲ ಹೆಸರು ಕೂಗಿ ಇಳಿಸಿದೆ. ಗೊಂದಲ ಕಡಿಮೆಯಾಯಿತು, ಕೈ ಬಿಚ್ಚಿದರು. ಮನೆಗೆ ಬಂದ ಮೇಲೆ ಅತ್ತೆ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆಯಸ್ಸು ಕಡಿಮೆಯಾದ ಮಗ ಎದುರಿಗೇ ಕೂತು ಎರಡು ಮುದ್ದೆ ಉಣ್ಣುತ್ತಿದ್ದರು.

ನಾನೂ ಮನೆಗೆ ಬಂದ ಮರುದಿನದಿಂದಲೇ ‘ರೀ’ಗೆ ಮರಳಿದ್ದೆ. ಆರು ವರ್ಷದ ನಂತರ ಮತ್ತೆ ರಕ್ತ ಸೋರಿ ಮನೆಯಲ್ಲೇ ಮಲಗಿದಾಗ, ಸುತ್ತ ನೆಂಟರು ತುಂಬಿದ್ದರು. ಅವರ ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮತ್ತೆ ಕಂಬದ ಮೇಲಿದ್ದಾರೆಂದು ನನಗೆ ಅರ್ಥವಾಗಿತ್ತು. ಆದರೂ ‘ರೀ’ ಎಂದಷ್ಟೇ ಕರೆದೆ. ಹಿಡಿದ ಕೈ ಸಡಿಲಿಸದೆಯೇ ಹೋಗಿಬಿಟ್ಟರು.

ಇಷ್ಟನ್ನೂ ಬರೆದಿಟ್ಟು, ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ಒಳಕ್ಕೆ ತಿರುಗಿ, ‘ರಂಗೋಲಿ ತಗೊಂಡು ಬಾರೇ’ ಎಂದೆ.

ಮೊಮ್ಮಗಳು ಡಬ್ಬಿ ಹಿಡಿದು ನಿಂತಳು. ‘ಏನಜ್ಜಿ, ಇಷ್ಟು ವರ್ಷ ಗೊತ್ತಿರಲಿಲ್ವಾ?’

‘ಗೊತ್ತಿತ್ತು ಕಣೇ’ ಎಂದೆ. ‘ಲೈನ್ ಕ್ಲಿಯರ್ ಆಗಿರಲಿಲ್ಲ.’